ಮುಡಿದ ಹೂವೂ ಮಂಗಳಗ್ರಹವೂ

೨೦೧೪ರ ಸೆಪ್ಟೆಂಬರ್ ೨೪ರಂದು ಬೆಂಗಳೂರಿನ ಇಸ್ರೋ ಕೇಂದ್ರದಲ್ಲಿ ತೆಗೆದ ಒಂದು ಛಾಯಾಚಿತ್ರ ವಾಚಕರಲ್ಲಿ ಅನೇಕರಿಗೆ ನೆನಪಿರಬಹುದು. ಅಂದು ಬೆಳಿಗ್ಗೆ ಮಂಗಳಯಾನ ನೌಕೆ ಮಂಗಳಗ್ರಹದ ಕಕ್ಷೆಯನ್ನು ಸೇರಿತು. ಆ ಸಂತೋಷದಲ್ಲಿ ಕೆಲವು ಹೆಂಗಸರು ಒಬ್ಬರನ್ನೊಬ್ಬರು ಅಪ್ಪಿಕೊಂಡು ನಗುತ್ತಿದ್ದಾರೆ. ರೇಷ್ಮೆ ಸೀರೆ, ಮುಡಿಯಲ್ಲಿ ಹೂವು. ನಮ್ಮೂರಿನ ಯಾವುದೋ ಮದುವೆ ಮನೆಯಲ್ಲಿ ಧಾರೆ ಮುಗಿದ ಗಳಿಗೆ ಎನ್ನಬೇಕು, ಹಾಗಿತ್ತು. ರಾಕೆಟ್ಟಿನ ವಿಜ್ಞಾನಿಗಳು ಹೀಗೂ ಇರುತ್ತಾರೆಯೇ ಎಂದು ಪ್ರಪಂಚವೇ ಬೆರಗಾಯಿತು. ನಾನು ಸಂಜೆ ಲೋಕಲಿನ ಲೇಡೀಸ್ ಡಬ್ಬಿಯಲ್ಲಿ ನಿಂತುಕೊಂಡೇ ಆ ಚಿತ್ರವನ್ನು ನೋಡಿದೆ. ಮರುದಿನ ಪತ್ರಿಕೆಯಿಂದ ಕತ್ತರಿಸಿ ಆಫೀಸಿನ ನನ್ನ ಬೀರುವಿನ ಬಾಗಿಲ ಒಳಬದಿಗೆ ಅಂಟಿಸಿದೆ.

ಕೆಲವು ದಿನಗಳ ಮೇಲೆ ಇಸ್ರೋ ಒಂದು ಸ್ಪಷ್ಟನೆ ಕೊಟ್ಟಿತು. ಚಿತ್ರದಲ್ಲಿದ್ದವರು ವಿಜ್ಞಾನಿಗಳಲ್ಲ, ಆಡಳಿತ ಸಿಬ್ಬಂದಿ. ಎಂದರೆ, ನನ್ನಂಥವರು. ಮಹಿಳಾ ವಿಜ್ಞಾನಿಗಳು ಬೇರೆ ಇದ್ದಾರೆ, ನಿಯಂತ್ರಣ ಕೊಠಡಿಯಲ್ಲಿಯೂ ಇದ್ದರು ಎಂದು ಅದೇ ಸ್ಪಷ್ಟನೆ ಹೇಳಿತು. ಆ ಮಾತನ್ನು ಯಾರೂ ಅಷ್ಟಾಗಿ ಕಿವಿಗೆ ಹಾಕಿಕೊಳ್ಳಲಿಲ್ಲ. ನಮ್ಮ ಸೆಕ್ಷನ್ನಿನ ಸಹೋದ್ಯೋಗಿಯೊಬ್ಬರು ನನ್ನ ಬೀರುವಿನತ್ತ ನೋಡಿ ನಕ್ಕು, "ಮೇಡಂ, ಅವರು ನಿಮ್ಮ ಟಪಾಲು ವಿಭಾಗದವರಂತೆ" ಎಂದರು. ಅವರ ನಗುವಿನ ಅರ್ಥ ಸ್ಪಷ್ಟವಾಗಿತ್ತು: ಹೂ ಮುಡಿದವರು ವಿಜ್ಞಾನಿಗಳಲ್ಲವೆಂದು ತಮಗೆ ಮೊದಲೇ ಗೊತ್ತಿತ್ತು ಎಂದು. ನಾನು ಚಿತ್ರವನ್ನು ಕೀಳಲಿಲ್ಲ. ಬಿಲ್ಲು ಪಾಸು ಮಾಡಿದವರಿಗೂ ಟೆಂಡರಿನ ಕಡತ ಓಡಾಡಿಸಿದವರಿಗೂ ಆ ದಿನ ನಗುವ ಹಕ್ಕು ಇರಲಿಲ್ಲವೇ? ಅದಿರಲಿ. ಆ ಯೋಜನೆಯಲ್ಲಿ ಹೊಣೆಯ ಸ್ಥಾನದಲ್ಲಿದ್ದ ನಂದಿನಿ ಹರಿನಾಥ್, ರಿತು ಕರಿಧಾಲ್ ಇವರ ಚಿತ್ರಗಳು ಮುಂದೆ ಎಷ್ಟೋ ಕಡೆ ಬಂದವು. ಅವರೂ ಸೀರೆಯಲ್ಲಿಯೇ ಇದ್ದರು. ಬೆಂಗಳೂರಿನವರೇ ಆದ ಟಿ. ಕೆ. ಅನುರಾಧಾ ೧೯೮೨ರಲ್ಲಿ ಇಸ್ರೋ ಸೇರಿ, ೨೦೧೧ರಲ್ಲಿ ಹಾರಿದ ಜಿಸ್ಯಾಟ್-೧೨ ಉಪಗ್ರಹದ ಯೋಜನಾ ನಿರ್ದೇಶಕಿಯಾಗಿದ್ದರು. ಪ್ರಪಂಚ ಗುರುತಿಸಿದ ಮುಖಗಳು ತಪ್ಪಾಗಿದ್ದಿರಬಹುದು, ಊಹೆ ತಪ್ಪಾಗಿರಲಿಲ್ಲ.

ಇದೇ ಮಂಗಳಯಾನದ ಮೇಲೆ ೨೦೧೯ರ ಆಗಸ್ಟ್ ೧೫ರಂದು ತೆರೆಕಂಡ ಹಿಂದಿ ಚಿತ್ರ 'ಮಿಷನ್ ಮಂಗಲ್'. ಜಗನ್ ಶಕ್ತಿ ಇದರ ನಿರ್ದೇಶಕರು. ಆಗ ಮಗಳನ್ನು ಕರೆದುಕೊಂಡು ಥಿಯೇಟರಿನಲ್ಲಿ ನೋಡಿದ್ದೆ, ಈಚೆಗೆ ಟಿ.ವಿ.ಯಲ್ಲಿ ಬಂದಾಗ ಮತ್ತೆ ನೋಡಿದೆವು. ಅವಳೀಗ ಇಂಜಿನಿಯರಿಂಗ್ ಓದುತ್ತಿದ್ದಾಳೆ. ಮೊದಲ ಸಲ ಇಬ್ಬರೂ ಚಪ್ಪಾಳೆ ತಟ್ಟಿದ್ದೆವು. ಎರಡನೆಯ ಸಲ ತಟ್ಟಲಿಲ್ಲ. ಏಕೆಂದು ಬರೆಯಬೇಕೆನಿಸಿದ್ದರಿಂದ ಈ ಲೇಖನ.

ಚಿತ್ರದ ಗುಣವನ್ನು ಮೊದಲು ಹೇಳುವುದು ನ್ಯಾಯ. ಬೇಸರವಾಗದಂತೆ ಓಡುತ್ತದೆ. ವಿದ್ಯಾ ಬಾಲನ್ ತಾರಾ ಶಿಂದೆಯ ಪಾತ್ರದಲ್ಲಿ ಮನೆಯನ್ನೂ ಪ್ರಯೋಗಶಾಲೆಯನ್ನೂ ಒಂದೇ ಉಸಿರಿನಲ್ಲಿ ನಿಭಾಯಿಸುವ ಹೆಂಗಸಾಗಿ ನಂಬಿಸುತ್ತಾರೆ. ನಮ್ಮ ದತ್ತಣ್ಣ (ಎಚ್. ಜಿ. ದತ್ತಾತ್ರೇಯ) ನಿವೃತ್ತಿಯ ಅಂಚಿನ ಅಯ್ಯಂಗಾರರಾಗಿ ಬಂದಾಗ ಪರಸ್ಥಳದಲ್ಲಿ ನೆಂಟರು ಸಿಕ್ಕಂತಾಯಿತು. ವಾಯುಸೇನೆಯಲ್ಲಿ ದುಡಿದು ಬಂದ ಮನುಷ್ಯ. ಯಂತ್ರದ ಮುಂದೆ ನಿಲ್ಲುವುದನ್ನು ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕತೆ ನಡೆಯುವುದು ಬೆಂಗಳೂರಿನಲ್ಲಿ. ಕನ್ನಡವನ್ನು ಮಾತ್ರ ದುರ್ಬೀನು ಹಾಕಿ ಹುಡುಕಬೇಕು.

ಈ ಚಿತ್ರದ ಹೆಸರಾದ ದೃಶ್ಯ ಪೂರಿಯದು. ತಾರಾ ಪೂರಿ ಕರಿಯುವಾಗ, ಒಲೆ ಆರಿಸಿದರೂ ಕಾದ ಎಣ್ಣೆಯಲ್ಲಿ ಇನ್ನಷ್ಟು ಪೂರಿ ಬೇಯುತ್ತವೆ ಎಂಬುದರಿಂದ ಕಡಿಮೆ ಇಂಧನದಲ್ಲಿ ಮಂಗಳಕ್ಕೆ ಹೋಗುವ ಉಪಾಯ ಹೊಳೆಯುತ್ತದೆ. ಥಿಯೇಟರಿನಲ್ಲಿ ಇದಕ್ಕೆ ಬಂದ ಕರತಾಡನವನ್ನು ಮರೆಯಲಾರೆ. ಆದರೆ ಫಿಸಿಕ್ಸ್ ಓದಿ ಬಿ.ಎಸ್ಸಿ. ಮಾಡಿದವಳಾಗಿ ಒಂದು ತಕರಾರು ಎತ್ತಲೇಬೇಕು. ಬಾಣಲೆಯಲ್ಲಿ ಎಣ್ಣೆ ಶಾಖವನ್ನು ಹಿಡಿದಿಟ್ಟುಕೊಂಡಿರುತ್ತದೆ. ನೌಕೆ ಹಾಗೆ ಏನನ್ನೂ ಹಿಡಿದಿಟ್ಟುಕೊಳ್ಳುವುದಿಲ್ಲ. ೨೦೧೩ರ ನವೆಂಬರ್ ೫ರಂದು ಪಿ.ಎಸ್.ಎಲ್.ವಿ. ರಾಕೆಟ್ ಮಂಗಳಯಾನವನ್ನು ಭೂಮಿಯ ಸುತ್ತಲಿನ ಮೊಟ್ಟೆಯಾಕಾರದ ಕಕ್ಷೆಯಲ್ಲಿ ಬಿಟ್ಟಿತು. ಅಲ್ಲಿಂದ ಮುಂದೆ, ಪ್ರತಿ ಸುತ್ತಿನಲ್ಲಿ ನೌಕೆ ಭೂಮಿಗೆ ಅತ್ಯಂತ ಹತ್ತಿರ ಬಂದು ಅತ್ಯಂತ ವೇಗವಾಗಿ ಓಡುವ ಗಳಿಗೆಗಾಗಿ ಕಾದು, ಆಗ ಮಾತ್ರ ಎಂಜಿನ್ನನ್ನು ಸ್ವಲ್ಪ ಹೊತ್ತು ಉರಿಸಿದರು. ವೇಗದಲ್ಲಿರುವ ವಸ್ತುವಿಗೆ ಕೊಟ್ಟ ತಳ್ಳು ಅದಕ್ಕೆ ಹೆಚ್ಚು ಶಕ್ತಿಯನ್ನು ತುಂಬುತ್ತದೆ. ಆದ್ದರಿಂದ ಅಷ್ಟೇ ಇಂಧನಕ್ಕೆ ಹೆಚ್ಚು ಲಾಭ. ಹೀಗೆ ಕಕ್ಷೆಯನ್ನು ಹಿಗ್ಗಿಸುತ್ತ ಹೋಗಿ ಡಿಸೆಂಬರ್ ೧ರ ನಡುರಾತ್ರಿ ಕೊನೆಯ ತಳ್ಳು ಕೊಟ್ಟು ಭೂಮಿಯಿಂದ ಬಿಡಿಸಿದರು. ಮನೆಯೊಳಗಿನ ಹೋಲಿಕೆಯೇ ಬೇಕಿದ್ದರೆ ತೊಟ್ಟಿಲು ಇತ್ತಲ್ಲ! ತೊಟ್ಟಿಲು ಕೆಳಗೆ ಬಂದು ಭರದಿಂದ ಹಾಯುವಾಗ ಮೆಲ್ಲಗೆ ಕೈ ಕೊಟ್ಟರೆ ಸಾಕು, ಸುತ್ತು ಸುತ್ತಿಗೂ ಎತ್ತರಕ್ಕೆ ಏರುತ್ತದೆ. ನಡುವೆ ಕೈ ಸುಮ್ಮನಿರಬಹುದು. ನನಗೆ ಇದು ಹೊಳೆದದ್ದು ಪುಸ್ತಕದಿಂದಲೇ, ತೊಟ್ಟಿಲಿನಿಂದಲ್ಲ. ತೊಟ್ಟಿಲು ತೂಗುವಾಗ ನನಗೆ ನಿದ್ದೆ ಬರುತ್ತಿತ್ತು.

ಪೂರಿಯ ಬಗ್ಗೆ ನನ್ನ ಮುಖ್ಯವಾದ ಆಕ್ಷೇಪ ಭೌತಶಾಸ್ತ್ರದ್ದಲ್ಲ. ಹೆಂಗಸಿಗೆ ಕಕ್ಷೆಯ ಗಣಿತ ತಿಳಿಯುವುದು ಗಣಿತದಿಂದಲ್ಲ, ಅಡಿಗೆಯಿಂದ ಎಂದು ಆ ದೃಶ್ಯ ಹೇಳಿದಂತಾಗುತ್ತದೆ. ಅಕ್ಷಯ್ ಕುಮಾರರ ರಾಕೇಶ್ ಧವನ್ ಹಳೆಯ ಹಾಡು ಗುನುಗುತ್ತ ಯೋಚಿಸಬಹುದು. ಅವನ ಬುದ್ಧಿಗೆ ಬಾಣಲೆಯ ಸಾಕ್ಷಿ ಬೇಡ. ಐದು ಜನ ಹೆಂಗಸರಿಗೆ ಮಾತ್ರ ಒಬ್ಬೊಬ್ಬರಿಗೂ ಒಂದೊಂದು ಮನೆಯ ತೊಡಕನ್ನು ಹಂಚಲಾಗಿದೆ: ಒಬ್ಬಳಿಗೆ ಅತ್ತೆ ಮತ್ತು ಬಸಿರು, ಒಬ್ಬಳಿಗೆ ಸೈನಿಕ ಗಂಡ, ಒಬ್ಬಳಿಗೆ ಬಾಡಿಗೆ ಮನೆ ಸಿಗದ ಕಷ್ಟ. ಇವೆಲ್ಲ ಸುಳ್ಳಲ್ಲ, ನಮ್ಮ ಮನೆಗಳಲ್ಲಿ ದಿನವೂ ಇರುವವೇ. ಆದರೆ ಅವರು ಎಂಜಿನ್ನಿನ ಬಗ್ಗೆ, ಆಂಟೆನಾದ ಬಗ್ಗೆ ತಮ್ಮೊಳಗೆ ಜಗಳವಾಡುವುದನ್ನು ನೋಡಲು ನಾನು ಕಾದೆ. ಬಿಡುಗಡೆಗೆ ಮೊದಲು ಬಂದ ಭಿತ್ತಿಚಿತ್ರದಲ್ಲಿ ನಾಯಕನ ಮುಖ ದೊಡ್ಡದಾಗಿ, ಹೆಂಗಸರ ಮುಖಗಳು ಚಿಕ್ಕದಾಗಿ ಇದ್ದುದಕ್ಕೆ ಆಗಲೇ ಆಕ್ಷೇಪ ಬಂದಿತ್ತು. ಚಿತ್ರ ನೋಡಿದ ಮೇಲೆ ಭಿತ್ತಿಚಿತ್ರ ಪ್ರಾಮಾಣಿಕವಾಗಿತ್ತು ಎನಿಸಿತು.

ಇಲ್ಲಿ ಎರಡು ಸಂಗತಿಗಳನ್ನು ಚಿತ್ರ ಕಲಸಿಬಿಟ್ಟಿದೆ. ಹೂ ಮುಡಿಯುವುದು ನನ್ನ ಖುಷಿ. ಮಾಟುಂಗದಲ್ಲಿ ಇಳಿದು ಒಂದು ಮೊಳ ಮಲ್ಲಿಗೆ ಕೊಳ್ಳುವಾಗ ನಾನು ಯಾರನ್ನೂ ಕೇಳುವುದಿಲ್ಲ. ಪೂರಿ ಕರಿಯುವುದು ಬೇರೆಯವರ ಹಸಿವಿಗೆ, ಅದು ಕರ್ತವ್ಯ. ಬೆಂಗಳೂರಿನ ಆ ಛಾಯಾಚಿತ್ರದಲ್ಲಿ ಇದ್ದದ್ದು ಮೊದಲನೆಯದು. ಚಿತ್ರದವರು ಎರಡನೆಯದನ್ನು ತೆಗೆದುಕೊಂಡು ಇದೇ ಸ್ತ್ರೀತ್ವ ಎಂದರು.

ಪಶ್ಚಿಮದಲ್ಲಿ ಈ ವಿಷಯ ಉತ್ತಮವಾಗಿದೆ ಎಂದು ಯಾರೂ ತಿಳಿಯಬೇಕಾಗಿಲ್ಲ. ಡಿ.ಎನ್.ಎ. ರಚನೆಯನ್ನು ಕಂಡುಹಿಡಿದ ಕತೆಯನ್ನು ಜೇಮ್ಸ್ ವಾಟ್ಸನ್ ೧೯೬೮ರಲ್ಲಿ 'ದಿ ಡಬಲ್ ಹೆಲಿಕ್ಸ್' ಎಂಬ ಪುಸ್ತಕವಾಗಿ ಬರೆದರು. ಕಾಲೇಜಿನಲ್ಲಿದ್ದಾಗ ಲೈಬ್ರರಿಯಿಂದ ತಂದು ಒಂದೇ ರಾತ್ರಿ ಓದಿದ ಪುಸ್ತಕ, ರಸವತ್ತಾಗಿದೆ. ರೊಸಾಲಿಂಡ್ ಫ್ರಾಂಕ್ಲಿನ್‌ರ ಪ್ರಯೋಗಶಾಲೆಯ ಎಕ್ಸ್-ಕಿರಣದ ಚಿತ್ರವೊಂದು ಆ ಶೋಧಕ್ಕೆ ದಾರಿ ತೋರಿತ್ತು. ಆಕೆಯನ್ನು ಪರಿಚಯಿಸುವಾಗ ಗ್ರಂಥಕರ್ತರ ಕಣ್ಣು ಹೋಗುವುದು ಲಿಪ್‌ಸ್ಟಿಕ್ ಇಲ್ಲದ ತುಟಿಗೆ, ಕನ್ನಡಕಕ್ಕೆ, ಕೂದಲಿಗೆ, ಉಡುಪಿಗೆ. ಪುಸ್ತಕ ಬಂದಾಗ ಉತ್ತರ ಹೇಳಲು ಆಕೆ ಇರಲಿಲ್ಲ. ೧೯೫೮ರಲ್ಲಿಯೇ, ೩೭ನೆಯ ವಯಸ್ಸಿನಲ್ಲಿ ತೀರಿಕೊಂಡಿದ್ದರು. ಪುಸ್ತಕದ ಕೊನೆಯಲ್ಲಿ ವಾಟ್ಸನ್ ತಮ್ಮ ಮೊದಲ ಅಭಿಪ್ರಾಯ ತಪ್ಪಿತ್ತೆಂದು ಒಪ್ಪಿಕೊಳ್ಳುತ್ತಾರೆ, ನಿಜ. ೧೯೭೫ರಲ್ಲಿ ಗೆಳತಿ ಆನ್ ಸೇಯರ್ ಜೀವನಚರಿತ್ರೆ ಬರೆದು ಆ ವ್ಯಂಗ್ಯಚಿತ್ರವನ್ನು ಅಲ್ಲಗಳೆದರು. ಅಂತೂ ಅಲ್ಲಿ ಅಲಂಕಾರ ಮಾಡಿಕೊಳ್ಳದಿದ್ದುದು ತಪ್ಪಾಯಿತು.

ನಮ್ಮ ಕಾಲೇಜಿನಲ್ಲಿ ಮಾಡಿಕೊಂಡದ್ದೇ ತಪ್ಪು. ಫಿಸಿಕ್ಸ್ ಪ್ರಯೋಗಶಾಲೆಯಲ್ಲಿ ನಾವು ನಾಲ್ಕೇ ಹುಡುಗಿಯರು. ಒಂದು ಶುಕ್ರವಾರ ಅಮ್ಮ ಕಟ್ಟಿಕೊಟ್ಟ ಕನಕಾಂಬರದ ದಂಡೆ ಮುಡಿದು ಹೋಗಿದ್ದೆ. ಗ್ಯಾಲ್ವನಾಮೀಟರಿನ ಮುಳ್ಳು ನಿಲ್ಲಲೊಲ್ಲದು. ಹೇಳಿಕೊಡುತ್ತಿದ್ದ ಮೇಷ್ಟ್ರು ನನ್ನ ಜಡೆಯತ್ತ ಕೈ ತೋರಿಸಿ, "ಇಂಥವರು ಎದುರು ನಿಂತರೆ ಅದಾದರೂ ಹೇಗೆ ನಿಂತೀತು?" ಎಂದರು. ಹುಡುಗರೆಲ್ಲ ನಕ್ಕರು, ನಾನೂ ನಕ್ಕೆ. ತಂತಿಯ ಒಂದು ತುದಿ ಸಡಿಲವಾಗಿತ್ತು ಅಷ್ಟೆ, ಆಮೇಲೆ ನಾನೇ ಬಿಗಿಮಾಡಿದೆ. ಆದರೆ ಡಿಗ್ರಿ ಮುಗಿಯುವವರೆಗೆ ಪ್ರಯೋಗಶಾಲೆಗೆ ಹೂ ಮುಡಿದು ಹೋಗಲಿಲ್ಲ. ಅಮ್ಮನಿಗೆ ತಲೆನೋವು ಬರುತ್ತದೆಂದು ಸುಳ್ಳು ಹೇಳಿದ್ದೆ.

ಮಗಳ ಕಾಲ ಬದಲಾಗಿದೆ ಎಂದುಕೊಂಡಿದ್ದೆ. ಅವಳ ಕಾಲೇಜಿನ ರೋಬೋಟ್ ಕ್ಲಬ್ಬಿನಲ್ಲಿ ಮೂವತ್ತರ ಹತ್ತಿರ ಹುಡುಗರು, ಮೂವರು ಹುಡುಗಿಯರು. ಮೊದಲ ವರ್ಷ ಉಗುರಿಗೆ ನೀಲಿ ಬಣ್ಣ ಹಚ್ಚಿಕೊಂಡು ಹೋದಳು. ಬೆಸುಗೆ ಹಾಕುವ ಕೆಲಸ ಕೇಳಿದರೆ ಪೋಸ್ಟರಿಗೆ ಬಣ್ಣ ಹಚ್ಚುವ ಕೆಲಸ ಕೊಟ್ಟರು, ಆಮೇಲೆ ಸಮಾರಂಭದ ನಿರೂಪಣೆ. ಎರಡನೆಯ ವರ್ಷ ಅಣ್ಣನ ಹಳೆಯ ಸಡಿಲ ಟೀ ಶರ್ಟು, ಬೋಳು ಹಣೆ, ಗಂಡುಮಾತು. ಬೆಸುಗೆಯ ಕೆಲಸ ಸಿಕ್ಕಿತು. ಅವಳಿಗೆ ಆ ಟೀ ಶರ್ಟು ಇಷ್ಟವಿದ್ದಿದ್ದರೆ ನನ್ನದೇನೂ ತಕರಾರಿರಲಿಲ್ಲ. ಆದರೆ ಮನೆಗೆ ಬಂದ ಕೂಡಲೇ ಅದನ್ನು ಕಳಚಿ ಹಾಕುವ ರೀತಿ ನೋಡಿದ್ದೇನೆ. ನಾನು ಆಫೀಸಿನ ಗುರುತಿನ ಚೀಟಿ ತೆಗೆದಿಡುವ ಹಾಗೆಯೇ.

ಟಿ.ವಿ.ಯಲ್ಲಿ ಪೂರಿಯ ದೃಶ್ಯ ಬಂದಾಗ ಅವಳು, "ಅಮ್ಮಾ, ಪೂರಿ ಮಾಡಲು ಬಾರದವರು ಮಂಗಳಕ್ಕೆ ಹೋಗೋ ಹಾಗಿಲ್ಲವಾ?" ಎಂದಳು. ಅವಳಪ್ಪ ನಕ್ಕರು. ನಾನು ತೊಟ್ಟಿಲಿನ ಲೆಕ್ಕ ಹೇಳಿದೆ. ಕೇಳಿಸಿಕೊಂಡು, ಕಾಗದ ತೆಗೆದುಕೊಂಡು ವೇಗದ ವರ್ಗ ಹಾಕಿ ತಾನೇ ಬಿಡಿಸಿ ನೋಡಿ, ಸರಿ ಇದೆ ಎಂದಳು. ಆಗ ಅವಳ ಉಗುರಿಗೆ ಹಸಿ ಬಣ್ಣವಿತ್ತು. ಮರುದಿನ ಸೋಮವಾರ, ರಾತ್ರಿಯೇ ಒರೆಸಿಕೊಂಡಳು.