ಬಾಯಿಪಾಠವೂ ಮೆಲುಕೂ: ದೇವವಾಕ್ಯದ ಕಂಠಪಾಠ ಪದ್ಧತಿಯ ಒಂದು ವಿಮರ್ಶೆ

ದೇವವಾಕ್ಯದ ಕಂಠಪಾಠವನ್ನು ಭಕ್ತಿಯ ಅಳತೆಗೋಲಾಗಿ ಕಾಣುವ ರೂಢಿ ನಮ್ಮ ಧರ್ಮಕೇಂದ್ರಗಳಲ್ಲಿದೆ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಂತಹ ಕಡೆ, ವಿಶ್ವಾಸಿಗಳು ಅಲ್ಲೊಂದು ಇಲ್ಲೊಂದು ಮನೆಯಾಗಿ ಚದುರಿರುವಲ್ಲಿ, ಕಂಠಪಾಠ ಸ್ಪರ್ಧೆಯು ಮಕ್ಕಳನ್ನು ಒಟ್ಟುಗೂಡಿಸುತ್ತದೆ ಎಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಅಧ್ಯಾಯ ಮತ್ತು ವಾಕ್ಯದ ಸಂಖ್ಯೆ ಹೇಳಿ, ಅಕ್ಷರ ತಪ್ಪದೆ ಒಪ್ಪಿಸಿದರೆ ಬಹುಮಾನ. ಆ ವಾಕ್ಯದ ಹಿಂದೇನು, ಮುಂದೇನು ಎಂಬ ಪ್ರಶ್ನೆಗೆ ಅಂಕವಿಲ್ಲ. ನಮ್ಮ ಆಕ್ಷೇಪವಿರುವುದು ಇಲ್ಲಿ.

ಮತ್ತಾಯನ ಶುಭಸಂದೇಶದ 4ನೇ ಅಧ್ಯಾಯವನ್ನು ನೋಡೋಣ. ದೇವಾಲಯದ ತುದಿಯಲ್ಲಿ ನಿಂತು ಶೋಧಕನು 91ನೇ ಕೀರ್ತನೆಯ 11 ಮತ್ತು 12ನೇ ವಾಕ್ಯಗಳನ್ನು ಒಪ್ಪಿಸುತ್ತಾನೆ. ಅವನಿಗೆ ಪಾಠ ಬರುತ್ತದೆ. ಆದರೆ ದೇವರ ಕಾವಲು ಭಕ್ತನು ನಡೆಯುವ ಮಾರ್ಗಗಳಲ್ಲೆಲ್ಲಾ ಇರುತ್ತದೆಂಬ ಮಾತನ್ನು ನಡುವೆ ನುಂಗಿಬಿಡುತ್ತಾನೆ. ಸರ್ಪವನ್ನು ತುಳಿಯುವ ಮಾತು ಬರುವ 13ನೇ ವಾಕ್ಯಕ್ಕೆ ಮುಂಚೆಯೇ ನಿಲ್ಲುತ್ತಾನೆ. ಯೇಸುಸ್ವಾಮಿ ಕೊಡುವ ಮೂರು ಉತ್ತರಗಳೂ ಧರ್ಮೋಪದೇಶಕಾಂಡದ 6 ಮತ್ತು 8ನೇ ಅಧ್ಯಾಯಗಳವು, ಇಸ್ರಯೇಲರ ನಲವತ್ತು ವರ್ಷಗಳ ಮರುಭೂಮಿಯ ನೆನಪಿಗೆ ಸೇರಿದವು. ನಲವತ್ತು ದಿನ ಹಸಿದಿರುವ ಪ್ರಭು ಬಿಡಿ ವಾಕ್ಯಗಳನ್ನು ಎಣಿಸಿ ಕೊಡುತ್ತಿಲ್ಲ. ಆ ಭಾಗದೊಳಗೇ ವಾಸವಾಗಿದ್ದಾರೆ. ಇಬ್ಬರಿಗೂ ಕಂಠಪಾಠವಿದೆ, ಒಬ್ಬನಿಗೆ ಮಾತ್ರ ತಂದೆಯ ಸಾಮೀಪ್ಯವಿದೆ. ನಮ್ಮ ಸ್ಪರ್ಧೆಯ ನಿಯಮಗಳು ಇವರಿಬ್ಬರ ನಡುವಣ ಅಂತರವನ್ನು ಗುರುತಿಸಲಾರವು.

ಹೊಸ ಒಡಂಬಡಿಕೆಗೆ ಇಂದಿನ ವಾಕ್ಯಸಂಖ್ಯೆಗಳನ್ನು ಕೊಟ್ಟವನು ಮುದ್ರಕ ರಾಬೆರ್ ಎಸ್ತಿಯೆನ್, 1551ರಲ್ಲಿ. ಅದಕ್ಕೂ ಹನ್ನೆರಡು ಶತಮಾನಗಳ ಹಿಂದೆ ಈಜಿಪ್ಟಿನ ಸಂತ ಪಕೋಮಿಯುಸರ ಮಠಗಳಲ್ಲಿ ಹೊಸ ಒಡಂಬಡಿಕೆಯನ್ನೂ ಕೀರ್ತನೆಗಳನ್ನೂ ಬಾಯಲ್ಲಿಟ್ಟುಕೊಳ್ಳುವುದು ನಿಯಮವಾಗಿತ್ತು. ಅಲ್ಲಿ ಸಂಖ್ಯೆಯಿರಲಿಲ್ಲ, ಕೈ ಕೆಲಸ ಮಾಡುತ್ತಿದ್ದಾಗ ಬಾಯಿ ಪಠಿಸುತ್ತಿತ್ತು.

ಅನುವಾದದ ಬಗೆಗೂ ಒಂದು ಮಾತು ಹೇಳಬೇಕಾಗಿದೆ. ಮೊದಲನೆಯ ಕೀರ್ತನೆಯಲ್ಲಿ ಬರುವ ಹೀಬ್ರೂ ಕ್ರಿಯಾಪದ ‘ಹಾಗಾ’. ಯೆಶಾಯನ ಗ್ರಂಥದಲ್ಲಿ ಬೇಟೆಯ ಮೇಲೆ ಗುರುಗುಟ್ಟುವ ಸಿಂಹಕ್ಕೂ (31:4) ನರಳುವ ಪಾರಿವಾಳಕ್ಕೂ (38:14) ಇದೇ ಪದ. ಧರ್ಮಶಾಸ್ತ್ರವು ಬಾಯನ್ನು ಬಿಟ್ಟಗಲಬಾರದೆಂದ ಬೆನ್ನಲ್ಲೇ ಯೆಹೋಶುವನ ಗ್ರಂಥವೂ (1:8) ಇದನ್ನೇ ಬಳಸುತ್ತದೆ. ಕನ್ನಡ ಬೈಬಲಿನಲ್ಲಿ ಇದು ‘ಧ್ಯಾನ’ವಾಗಿದೆ. ಧ್ಯಾನವೆಂದೊಡನೆ ನಮಗೆ ಕಾಣುವುದು ಮುಚ್ಚಿದ ಕಣ್ಣು, ಮುಚ್ಚಿದ ಬಾಯಿ. ಬಾಯಿಯೂ ದನಿಯೂ ಕಳೆದುಹೋದವು. ದನಕರುಗಳ ಈ ಸೀಮೆಯಲ್ಲಿ ‘ಮೆಲುಕು ಹಾಕು’ ಎಂಬುದೇ ಹೆಚ್ಚು ಹತ್ತಿರದ ಮಾತು. ಲತೀನ್ ಮಠವಾಸಿಗಳೂ ದೇವವಾಕ್ಯದ ಪಠನವನ್ನು ಮೆಲುಕೆಂದೇ ಕರೆದರು. ‘ಉರು ಹೊಡೆಯುವುದು’ ಬೇರೆ, ‘ಮೆಲುಕು ಹಾಕುವುದು’ ಬೇರೆ ಎಂಬುದನ್ನು ಕನ್ನಡಿಗನಿಗೆ ವಿವರಿಸಬೇಕಾಗಿಲ್ಲ.

ಈ ಜಿಲ್ಲೆಯಲ್ಲಿ ನೆನಪಿನ ವಿದ್ಯೆಗೆ ಬಡತನವಿಲ್ಲ. ಹಿರಿಯೂರಿಗೆ ನೆರೆಯಾದ ಚಳ್ಳಕೆರೆ ತಾಲ್ಲೂಕಿನ ಗೊಲ್ಲರಹಟ್ಟಿಯ ಸಿರಿಯಜ್ಜಿ ಓದುಬರಹವಿಲ್ಲದೆ ಸಾವಿರಾರು ಪದಗಳನ್ನು ಹಾಡಿದವರು. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯ ಕಡೆ ಶರಣರ ವಚನಗಳನ್ನು ಬಲ್ಲವರನ್ನು ಕೇಳಿ: ವಚನವನ್ನು ಯಾರೂ ಸಂಖ್ಯೆಯಿಂದ ಕಲಿಯುವುದಿಲ್ಲ, ಅಂಕಿತ ಬರುವವರೆಗೆ ನಿಲ್ಲಿಸುವುದೂ ಇಲ್ಲ. ಕೀರ್ತನೆಗಾದರೋ ನಾವು ಅಂಕಿತದ ಮುನ್ನವೇ ಚಪ್ಪಾಳೆ ತಟ್ಟುತ್ತೇವೆ. (ನಮ್ಮ ಕೆಲವು ಪ್ರಬೋಧನೆಗಳೂ ಇದೇ ಕ್ರಮದಲ್ಲಿ ಸಿದ್ಧವಾಗುತ್ತವೆ ಎಂಬುದನ್ನು ಗುರುಮಠದ ಸಹೋದರರು ಬಲ್ಲರು.)

ದೇವವಾಕ್ಯದ ಓದಿನ ಜೊತೆಗೆ ಪ್ರಾರ್ಥನೆಯಿರಬೇಕೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆಯ 1965ರ ‘ದೇಯಿ ವೆರ್ಬುಮ್’ (25) ವಿಧಿಸುತ್ತದೆ. ಕಂಠಪಾಠಕ್ಕೆ ಮಾತ್ರ ವಿನಾಯಿತಿಯಿಲ್ಲ. ಕಣ್ಣು ಮಬ್ಬಾದ ರೋಗಿಯ ಹಾಸಿಗೆಯ ಬಳಿ ಪುಸ್ತಕವೂ ಬಹುಮಾನವೂ ಉಪಯೋಗಕ್ಕೆ ಬರುವುದಿಲ್ಲ. ಯಾಜಕನು ಮೊದಲ ಸಾಲನ್ನು ಎತ್ತಿಕೊಟ್ಟಾಗ ಆ ತುಟಿಗಳು ಉಳಿದುದನ್ನು ತಾವೇ ನಡೆಸಿಕೊಂಡು ಹೋಗುವಷ್ಟು ಪಾಠ ಒಳಗಿಳಿದಿರಬೇಕು. ಒಂಟಿ ವಾಕ್ಯಕ್ಕೆ ಆ ನಡಿಗೆಯಿಲ್ಲ.

ಆದುದರಿಂದ ಸ್ಪರ್ಧೆಯನ್ನು ಕೈಬಿಡುವುದಕ್ಕಿಂತ ಅದರ ಘಟಕವನ್ನು ಬದಲಿಸುವುದು ಲೇಸು: ವರ್ಷಕ್ಕೆ ಒಂದೋ ಎರಡೋ ಕೀರ್ತನೆ, ಇಡಿಯಾಗಿ, ಮನೆಮಂದಿಯೊಡನೆ, ದನಿಯೆತ್ತಿ. ಮೊದಲಿಗೆ 91ನೆಯದನ್ನೇ ಆರಿಸಬಹುದು. ಅದರಲ್ಲಿರುವುದು 16 ವಾಕ್ಯಗಳು. ಭಾನುವಾರದ ರಾತ್ರಿಪ್ರಾರ್ಥನೆಯಲ್ಲಿ ಯಾಜಕರಾದ ನಾವು ಹೇಗೂ ಅದನ್ನು ಹೇಳುತ್ತೇವೆ. ತಪಸ್ಸುಕಾಲದ ಮೊದಲ ಭಾನುವಾರ ಶೋಧನೆಯ ಶುಭಸಂದೇಶವನ್ನು ಸಾರುವಾಗ ಶೋಧಕನು ಎಲ್ಲಿ ನಿಲ್ಲಿಸಿದನೆಂಬುದನ್ನು ಪೀಠದ ಮುಂದೆ ಕುಳಿತ ಮಕ್ಕಳೇ ಹೇಳಿಯಾರು.