ಜೆಸ್ಸಿ ಜೇಮ್ಸನ ಲಾವಣಿ: ಹಾಡಿದ್ದು ಮತ್ತು ಹಾಡದೆ ಬಿಟ್ಟದ್ದು

ಅಮೇರಿಕಾದ ಮಿಸೌರಿ ಸಂಸ್ಥಾನದ ಸೇಂಟ್ ಜೋಸೆಫ್ ಪಟ್ಟಣದಲ್ಲಿ ೧೮೮೨ನೆಯ ಇಸವಿ ಏಪ್ರಿಲ್ ೩ರ ಬೆಳಿಗ್ಗೆ ಜೆಸ್ಸಿ ಜೇಮ್ಸ್ ಎಂಬ ಹೆಸರಾಂತ ದರೋಡೆಕಾರನು ತನ್ನ ಮನೆಯೊಳಗೇ, ತನ್ನ ಅನ್ನ ಉಂಡವನ ಗುಂಡಿಗೆ ಬಲಿಯಾದನು. ಅವನು ಸತ್ತು ಹೆಚ್ಚು ಕಾಲ ಕಳೆಯುವ ಮೊದಲೇ ಅವನ ಮೇಲೊಂದು ಲಾವಣಿ ಹುಟ್ಟಿ ಊರೂರು ಸುತ್ತಿತು. ನಮ್ಮ ದಾಸರ ಪದಗಳಲ್ಲಿ ಅಂಕಿತ ಬರುವಂತೆ ಈ ಲಾವಣಿಯ ಕಡೆಯ ನುಡಿಯಲ್ಲಿ ಬಿಲ್ಲಿ ಗಶೇಡ್ ಎಂದು ಕಟ್ಟಿದವನ ಹೆಸರು ಬರುತ್ತದೆ. ಜಾನ್ ಲೋಮ್ಯಾಕ್ಸ್ ಎಂಬ ಸಂಗ್ರಾಹಕನು ೧೯೧೦ರಲ್ಲಿ ಅಚ್ಚುಹಾಕಿಸಿದ ದನಗಾಹಿಗಳ ಹಾಡುಗಳ ಸಂಕಲನದಲ್ಲಿ ಇದಕ್ಕೆ ಸ್ಥಾನ ದೊರೆಯಿತು. ಮುಂದೆ ೧೯೪೦ರಲ್ಲಿ ವುಡಿ ಗತ್ರಿ ಎಂಬ ಗಾಯಕನು ಇದೇ ಧಾಟಿಯನ್ನು ತೆಗೆದುಕೊಂಡು ಯೇಸುಕ್ರಿಸ್ತನ ಮೇಲೆ ಹಾಡು ಕಟ್ಟಿದನು. ದರೋಡೆಕಾರನ ಧಾಟಿ ದೇವಪುರುಷನಿಗೆ ಒಗ್ಗಿತು! ಅದು ಒಗ್ಗಿದ್ದಕ್ಕೆ ಕಾರಣವೂ ಉಂಟು. ಅದನ್ನು ಮುಂದೆ ನೋಡೋಣ.

ನಾನು ಈ ಲಾವಣಿಯನ್ನು ವಿಮರ್ಶೆಗೆ ಎತ್ತಿಕೊಂಡದ್ದು ಪಾಂಡಿತ್ಯದ ಹಂಬಲದಿಂದಲ್ಲ. ಏಳನೆಯ ತರಗತಿಯಲ್ಲಿ ರಾಬಿನ್ ಹುಡ್ಡನ ಕಥೆ ಮುಗಿದ ದಿನ, ಅಂಥ ಇನ್ನೊಬ್ಬನಿದ್ದಾನೆಂದು ಇದರ ಸಾರಾಂಶವನ್ನು ಕನ್ನಡದಲ್ಲಿ ಹೇಳಿದೆ. ಉಳ್ಳವರಿಂದ ಕಿತ್ತು ಇಲ್ಲದವರಿಗೆ ಕೊಟ್ಟನೆಂಬ ಮಾತು ಬಂದಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದುನಿಂತು, "ಮಾಷ್ಟ್ರೇ, ಯಾರಿಗೆ ಕೊಟ್ಟದ್ದು?" ಎಂದು ಕೇಳಿದನು. ನನಗೆ ಉತ್ತರ ತಿಳಿದಿರಲಿಲ್ಲ. "ಬಡವರಿಗೆ" ಎಂದು ಅದೇ ಮಾತನ್ನು ತಿರುಗಿ ಹೇಳಿ ಕೂರಿಸಿದೆ. ಆ ಮೇಲೆ ಓದಿ ನೋಡಿದರೆ, ಹುಡುಗನ ಪ್ರಶ್ನೆಯೇ ಈ ಲಾವಣಿಯ ಮರ್ಮಸ್ಥಾನವೆಂದು ಗೊತ್ತಾಯಿತು. ಜೇಮ್ಸ್ ಸೋದರರು ದೋಚಿದ ಹಣವನ್ನು ತಂಡದ ಹೊರಗಿನ ಬಡವರಿಗೆ ಹಂಚಿದರೆಂಬುದಕ್ಕೆ ನಂಬತಕ್ಕ ಆಧಾರವೊಂದೂ ಇಲ್ಲ. ಹಾಗಾದರೆ ಆ ಮಾತು ಹಾಡಿನೊಳಗೆ ಎಲ್ಲಿಂದ ಬಂದಿತು?

ಇದಕ್ಕೆ ಉತ್ತರ ಬೇಕಾದರೆ ಲಾವಣಿಯನ್ನು ಬಿಟ್ಟು ಅದರ ಹಿಂದಿನ ನೆಲಕ್ಕೆ ಹೋಗಬೇಕು. ಮಿಸೌರಿಯು ಗುಲಾಮಗಿರಿ ನಡೆಯುತ್ತಿದ್ದ ಸಂಸ್ಥಾನ. ಆದರೂ ೧೮೬೧ರಲ್ಲಿ ಅಂತರ್ಯುದ್ಧ ಹತ್ತಿದಾಗ ಒಕ್ಕೂಟವನ್ನು ಬಿಟ್ಟುಹೋಗಲಿಲ್ಲ. ಅದಕ್ಕೆ ಪಶ್ಚಿಮದಲ್ಲಿ ತಾಗಿದ ಕಾನ್ಸಾಸಿನಲ್ಲಿ ಗುಲಾಮಗಿರಿ ಇರಬೇಕೇ ಬೇಡವೇ ಎಂಬುದನ್ನು ಅಲ್ಲಿ ನೆಲೆಸುವವರೇ ತೀರ್ಮಾನಿಸಲೆಂದು ೧೮೫೪ರಲ್ಲಿ ಕಾಯಿದೆಯಾದಂದಿನಿಂದ ಎರಡು ಕಡೆಯವರೂ ಗಡಿದಾಟಿ ಮನೆ ಸುಡುವುದು, ಕುದುರೆ ಕದಿಯುವುದು, ಜನರನ್ನು ಕೊಲ್ಲುವುದು ನಡೆದೇ ಇತ್ತು. ಯುದ್ಧವು ಈ ಹಳೆಯ ಜಗಳಕ್ಕೆ ಹೊಸ ಬಾವುಟವನ್ನು ಕೊಟ್ಟಿತಷ್ಟೇ. ದಕ್ಷಿಣದ ಪಕ್ಷವಹಿಸಿದ ಯುವಕರು ಕಾಡು ಸೇರಿ ಗೆರಿಲ್ಲಾಗಳಾದರು. ಅವರ ನಾಯಕರಲ್ಲಿ ಮುಖ್ಯನಾದ ವಿಲಿಯಂ ಕ್ವಾಂಟ್ರಿಲ್ ಎಂಬವನು ಯುದ್ಧಕ್ಕೆ ಮೊದಲು ಶಾಲಾಮಾಸ್ತರನಾಗಿದ್ದನೆಂಬುದು ನಮ್ಮ ವೃತ್ತಿಬಾಂಧವರು ನಾಚಿಕೊಳ್ಳಬೇಕಾದ ಸಂಗತಿ. ಅವನು ೧೮೬೩ನೆಯ ಆಗಸ್ಟ್ ೨೧ರ ಮುಂಜಾನೆ ಸುಮಾರು ೪೦೦ ಸವಾರರೊಡನೆ ಕಾನ್ಸಾಸಿನ ಲಾರೆನ್ಸ್ ಪಟ್ಟಣದ ಮೇಲೆ ಬಿದ್ದು, ೧೫೦ಕ್ಕಿಂತ ಹೆಚ್ಚು ಮಂದಿ ಗಂಡಸರನ್ನೂ ಹುಡುಗರನ್ನೂ ಕೊಲ್ಲಿಸಿದನು. ಸತ್ತವರಲ್ಲಿ ಬಹುಮಂದಿಯ ಕೈಯಲ್ಲಿ ಆಯುಧವಿರಲಿಲ್ಲ. ಇದಾದ ನಾಲ್ಕು ದಿನಕ್ಕೆ ಒಕ್ಕೂಟದ ಸೇನಾಧಿಕಾರಿ ಥಾಮಸ್ ಯೂಯಿಂಗನು ಮಿಸೌರಿಯ ಗಡಿಯ ಮೂರು ಜಿಲ್ಲೆಗಳನ್ನೂ ನಾಲ್ಕನೆಯದರ ಒಂದು ಭಾಗವನ್ನೂ ಹದಿನೈದು ದಿನಗಳಲ್ಲಿ ಖಾಲಿಮಾಡಬೇಕೆಂದು ಆಜ್ಞೆ ಹೊರಡಿಸಿದನು. ಸಾವಿರಾರು ಸಂಸಾರಗಳು ಗಾಡಿಯಲ್ಲಿ ಹಿಡಿದಷ್ಟನ್ನು ಹೇರಿಕೊಂಡು ಮನೆಮಾರು ಬಿಟ್ಟು ನಡೆದವು. ಆ ಕಡೆಯ ಕಣ್ಣೀರು, ಈ ಕಡೆಯ ಕಣ್ಣೀರು ಎರಡೂ ನಿಜವೇ.

ಜೆಸ್ಸಿ ಜೇಮ್ಸ್ ಹುಟ್ಟಿದ್ದು ೧೮೪೭ರಲ್ಲಿ, ಅದೇ ಮಿಸೌರಿಯ ಕ್ಲೇ ಜಿಲ್ಲೆಯಲ್ಲಿ. ತಂದೆ ಬ್ಯಾಪ್ಟಿಸ್ಟ್ ಪಂಥದ ಪಾದ್ರಿ. ಲಿಬರ್ಟಿ ಪಟ್ಟಣದ ವಿಲಿಯಂ ಜ್ಯೂವೆಲ್ ಕಾಲೇಜನ್ನು ಸ್ಥಾಪಿಸಿದವರಲ್ಲಿ ಒಬ್ಬ. ಮನೆಯಲ್ಲಿ ಗುಲಾಮರಿದ್ದರು. ಇದನ್ನು ಲಾವಣಿ ಹೇಳುವುದಿಲ್ಲ. ಬಡ ರೈತನ ಮಗನೊಬ್ಬ ಸಿಡಿದೆದ್ದನೆಂಬ ಚಿತ್ರ ನಮ್ಮ ಕಣ್ಣಮುಂದೆ ನಿಲ್ಲುವುದು ಈ ಮೌನದಿಂದಲೇ. ಹದಿನಾರರ ವಯಸ್ಸಿನಲ್ಲಿ, ೧೮೬೪ರಲ್ಲಿ, ಅವನು 'ರಕ್ತದ ಬಿಲ್' ಎಂದು ಹೆಸರು ಪಡೆದ ವಿಲಿಯಂ ಆಂಡರ್ಸನನ ತಂಡವನ್ನು ಸೇರಿದನು. ಆ ತಂಡವು ಅದೇ ಸೆಪ್ಟೆಂಬರ್ ೨೭ರಂದು ಸೆಂಟ್ರಾಲಿಯಾ ಎಂಬಲ್ಲಿ ರೈಲನ್ನು ತಡೆದು, ರಜೆಯಲ್ಲಿ ಹೋಗುತ್ತಿದ್ದ ಇಪ್ಪತ್ತಕ್ಕೂ ಹೆಚ್ಚು ನಿರಾಯುಧ ಸೈನಿಕರನ್ನು ಇಳಿಸಿ ಸಾಲಾಗಿ ನಿಲ್ಲಿಸಿ ಗುಂಡಿಕ್ಕಿ ಕೊಂದಿತು. ಈ ಪಾಠಶಾಲೆಯಲ್ಲಿ ಕಲಿತವನಿಗೆ ೧೮೬೫ರಲ್ಲಿ ಯುದ್ಧ ಮುಗಿಯಿತೆಂದರೆ ಏನು ಮುಗಿಯಿತು?

ಯುದ್ಧ ಮುಗಿದ ಮರುವರ್ಷ, ಫೆಬ್ರವರಿ ೧೩ರಂದು, ಲಿಬರ್ಟಿಯ ಬ್ಯಾಂಕನ್ನು ಹಳೆಯ ಗೆರಿಲ್ಲಾಗಳ ಗುಂಪೊಂದು ಹಾಡುಹಗಲೇ ದೋಚಿತು. ಆ ಗುಂಪಿನಲ್ಲಿ ಜೆಸ್ಸಿಯಿದ್ದನೆಂಬುದು ರುಜುವಾತಾಗಿಲ್ಲ. ಆದರೆ ಬೀದಿಯಲ್ಲಿ ಗುಂಡು ತಗಲಿ ಸತ್ತವನು ವಿಲಿಯಂ ಜ್ಯೂವೆಲ್ ಕಾಲೇಜಿನ ವಿದ್ಯಾರ್ಥಿ. ತಂದೆ ಕಟ್ಟಿಸಿದ ಕಾಲೇಜಿನ ವಿದ್ಯಾರ್ಥಿಯನ್ನು ಮಗನ ಜೊತೆಗಾರರು ಕೊಂದರು. ಮೂರು ವರ್ಷದ ಮೇಲೆ, ೧೮೬೯ರ ಡಿಸೆಂಬರಿನಲ್ಲಿ, ಗ್ಯಾಲಟಿನ್ ಪಟ್ಟಣದ ಬ್ಯಾಂಕಿನಲ್ಲಿ ಖಜಾಂಚಿ ಜಾನ್ ಶೀಟ್ಸನ ಹತ್ಯೆಯಾಯಿತು. ಆಂಡರ್ಸನನನ್ನು ಕೊಂದ ಸೇನಾಧಿಕಾರಿ ಸ್ಯಾಮ್ಯುಯೆಲ್ ಕಾಕ್ಸ್ ಇವನೇ ಎಂದು ತಪ್ಪುತಿಳಿದು ಹೊಡೆದರು. ಇಲ್ಲಿ ಹಣವೂ ಇತ್ತು, ಹಗೆಯೂ ಇತ್ತು. ಬಡವನ ಮಾತು ಎಲ್ಲಿಯೂ ಇರಲಿಲ್ಲ. ಜೆಸ್ಸಿಯ ಹೆಸರು ಪತ್ರಿಕೆಗಳಲ್ಲಿ ಬಂದದ್ದು ಈ ಕೊಲೆಯಿಂದ.

ಈ ಹೊತ್ತಿಗೆ ರಂಗಕ್ಕೆ ಬರುವವನು ನನ್ನ ದೃಷ್ಟಿಯಲ್ಲಿ ಈ ಲಾವಣಿಯ ಮೊದಲ ಕರ್ತೃ. ಅವನ ಹೆಸರು ಜಾನ್ ನ್ಯೂಮನ್ ಎಡ್ವರ್ಡ್ಸ್. ಯುದ್ಧದಲ್ಲಿ ದಕ್ಷಿಣದ ಸೇನಾನಿ ಜೋ ಶೆಲ್ಬಿಯ ಕೈಕೆಳಗಿದ್ದು, ಕಾಳಗದ ವರದಿಗಳನ್ನು ಕೂಡ ಅಲಂಕಾರ ತುಂಬಿ ಬರೆದವನು. ಸೋತ ಮೇಲೆ ಕಾನ್ಸಾಸ್ ಸಿಟಿ ಟೈಮ್ಸ್ ಪತ್ರಿಕೆಯ ಸಂಪಾದಕನಾದನು. ೧೮೭೨ರ ಸೆಪ್ಟೆಂಬರಿನಲ್ಲಿ ಆ ಪಟ್ಟಣದ ದೊಡ್ಡ ಜಾತ್ರೆಯ ಬಾಗಿಲಲ್ಲಿ ಮೂವರು ಸವಾರರು ಟಿಕೀಟಿನ ಹಣದ ಪೆಟ್ಟಿಗೆಯನ್ನು ಕಿತ್ತುಕೊಂಡರು. ಸಿಕ್ಕಿದ್ದು ಸಾವಿರ ಡಾಲರಿಗೂ ಕಡಿಮೆ. ಗುಂಡು ತಗಲಿದ್ದು ಚಿಕ್ಕ ಹುಡುಗಿಯೊಬ್ಬಳ ಕಾಲಿಗೆ. ಎಡ್ವರ್ಡ್ಸನು ಇದರ ಮೇಲೆ ಬರೆದ ಸಂಪಾದಕೀಯದಲ್ಲಿ ಈ ಸವಾರರನ್ನು ಆರ್ಥರ್ ಮಹಾರಾಜನ ವೀರರ ಪಂಕ್ತಿಯಲ್ಲಿ ಕೂರಿಸಿದನು. ಕೆಲವು ದಿನಗಳಲ್ಲಿಯೇ ದರೋಡೆಕಾರರದೆಂದು ಹೇಳಲಾದ ಪತ್ರವೊಂದು ಅದೇ ಪತ್ರಿಕೆಯಲ್ಲಿ ಅಚ್ಚಾಯಿತು. ಕೆಳಗೆ ಇಂಗ್ಲೆಂಡಿನ ಹಳೆಯ ದಾರಿಗಳ್ಳರ ಹೆಸರುಗಳ ರುಜು. ಉಳ್ಳವರಿಂದ ದೋಚಿ ಇಲ್ಲದವರಿಗೆ ಕೊಡುತ್ತೇವೆಂಬ ಮಾತು ಆ ಪತ್ರದಲ್ಲಿದೆ. ನನ್ನ ಹುಡುಗನ ಪ್ರಶ್ನೆಗೆ ಉತ್ತರ ಇಲ್ಲಿದೆ. ಆ ಮಾತು ಹುಟ್ಟಿದ್ದು ಬಡವನ ಗುಡಿಸಲಿನಲ್ಲಲ್ಲ, ಪತ್ರಿಕೆಯ ಕಚೇರಿಯಲ್ಲಿ. ಹಾಡಿಗೆ ಬಂದದ್ದು ಹತ್ತು ವರ್ಷದ ಅನಂತರ.

ಎಡ್ವರ್ಡ್ಸನ ಉದ್ದೇಶ ಕೇವಲ ಕಥೆ ಹೇಳುವುದಾಗಿರಲಿಲ್ಲ. ಸೋತ ಪಕ್ಷದವರ ಮಾನವನ್ನು ಎತ್ತಿನಿಲ್ಲಿಸಿ, ಗೆದ್ದವರ ಆಳ್ವಿಕೆಯನ್ನು ಹೀಗಳೆಯಲು ಅವನಿಗೊಬ್ಬ ವೀರ ಬೇಕಾಗಿದ್ದನು. ಜೆಸ್ಸಿಯೂ ಪತ್ರಿಕೆಗೆ ಕಾಗದ ಬರೆಯುವುದರಲ್ಲಿ ಹಿಂದೆ ಬೀಳಲಿಲ್ಲ. ೧೮೭೪ರ ಜನವರಿಯಲ್ಲಿ ಗ್ಯಾಡ್ಸ್ ಹಿಲ್ ಎಂಬಲ್ಲಿ ರೈಲು ದೋಚಿದಾಗ, ಪತ್ರಿಕೆಯವರಿಗೆಂದು ವರದಿಯನ್ನು ಮೊದಲೇ ಬರೆದು ತಂದು ಕೊಟ್ಟುಹೋದರಂತೆ! ೧೮೭೫ರಲ್ಲಿ ಹುಟ್ಟಿದ ಮಗನಿಗೆ ಜೆಸ್ಸಿಯು ಎಡ್ವರ್ಡ್ಸನ ಹೆಸರನ್ನೇ ಇಟ್ಟನು. ಅದೇ ವರ್ಷ ಜನವರಿಯಲ್ಲಿ ಪಿಂಕರ್ಟನ್ ಪತ್ತೇದಾರರು ಅವನ ತಾಯಿಯ ಮನೆಯೊಳಗೆ ಸಿಡಿಗುಂಡನ್ನೆಸೆದರು. ಎಂಟು ವರ್ಷದ ತಮ್ಮ ಸತ್ತನು, ತಾಯಿಯ ಒಂದು ಕೈ ಹೋಯಿತು. ಈ ಕ್ರೌರ್ಯವನ್ನು ಯಾರೂ ಸಮರ್ಥಿಸಲಾರರು. ಆ ಸಂಕಟದ ಬೆಂಬಲದಿಂದ ಮಿಸೌರಿಯ ಶಾಸನಸಭೆಯಲ್ಲಿ ಇವರಿಗೆ ಕ್ಷಮಾದಾನ ಕೊಡುವ ಮಸೂದೆ ಬಂದು ಸ್ವಲ್ಪದರಲ್ಲಿ ಬಿದ್ದುಹೋಯಿತು.

೧೮೭೬ನೆಯ ಸೆಪ್ಟೆಂಬರ್ ೭ರಂದು ದೂರದ ಮಿನ್ನೆಸೋಟಾ ಸಂಸ್ಥಾನದ ನಾರ್ತ್‌ಫೀಲ್ಡ್ ಪಟ್ಟಣದಲ್ಲಿ ಈ ತಂಡ ನೆಲಕಚ್ಚಿತು. ಬ್ಯಾಂಕಿನಲ್ಲಿ ಅಂದು ಜೋಸೆಫ್ ಲೀ ಹೇವುಡ್ ಎಂಬವನು ಕೂತಿದ್ದನು. ಒಕ್ಕೂಟದ ಪಡೆಯಲ್ಲಿ ದುಡಿದು ಬಂದ ಸಾಧಾರಣ ಮನುಷ್ಯ, ಊರಿನ ಕಾರ್ಲ್‌ಟನ್ ಕಾಲೇಜಿನ ಲೆಕ್ಕವನ್ನೂ ನೋಡಿಕೊಳ್ಳುತ್ತಿದ್ದವನು. ಕುತ್ತಿಗೆಗೆ ಚೂರಿ ಹಿಡಿದರೂ ತಿಜೋರಿ ತೆರೆಯಲಾಗದೆಂದನು. ಅವನನ್ನು ಕೊಂದರು. ತಿಜೋರಿಗೆ ಬೀಗ ಬಿದ್ದಿರಲಿಲ್ಲವೆಂದು ಹೇಳುತ್ತಾರೆ. ಎಳೆದು ನೋಡುವಷ್ಟು ತಾಳ್ಮೆ ಈ ವೀರರಿಗಿರಲಿಲ್ಲ. ಹೊರಗೆ ಊರವರು ಅಂಗಡಿಗಳಿಂದ ಬಂದೂಕು ತೆಗೆದು ಎದುರುನಿಂತರು. ಬೀದಿಯಲ್ಲಿ ನಿಕೊಲಾಸ್ ಗುಸ್ಟಾಫ್ಸನ್ ಎಂಬ ಸ್ವೀಡನ್ ದೇಶದ ವಲಸೆಗಾರನೂ ಗುಂಡೇಟು ತಿಂದು ಕೆಲವು ದಿನಗಳಲ್ಲಿ ಸತ್ತನು. ಜೇಮ್ಸ್ ಸೋದರರಿಬ್ಬರು ತಪ್ಪಿಸಿಕೊಂಡರು; ಯಂಗರ್ ಸೋದರರು ಮೂವರೂ ಸೆರೆಸಿಕ್ಕರು.

ಈಗ ಲಾವಣಿಗೆ ಮರಳೋಣ. ಇಷ್ಟು ತಿಳಿದ ಮೇಲೂ ಅದನ್ನು ಕೆಟ್ಟ ಹಾಡೆನ್ನಲು ನನಗೆ ಮನಸ್ಸು ಬಾರದು. ಅದು ಒಳ್ಳೆಯ ಹಾಡೇ. ಆದರೆ ಅದರ ಒಳ್ಳೆಯತನವಿರುವುದು ಜನ ಹೊಗಳುವ ಕಡೆಯಲ್ಲಿ ಅಲ್ಲ. ಸುಲಿಗೆಯ ನುಡಿಗಳು ಬರಿಯ ಪಟ್ಟಿ. ಷಿಕಾಗೋದ ಬ್ಯಾಂಕನ್ನು ಇವರು ದೋಚಿದ್ದೇ ಇಲ್ಲ, ಅಣ್ಣ ಫ್ರಾಂಕನ ಹೆಸರಿಗೆ ಪ್ರಾಸ ಕೂಡಿತೆಂದು ಬ್ಯಾಂಕು ಬಂದಿದೆ. ಔದಾರ್ಯದ ಮಾತು ಒಂದೆರಡು ಪಂಕ್ತಿಗಳಲ್ಲಿ ಮುಗಿದುಹೋಗುತ್ತದೆ. ದಾನ ಪಡೆದ ಒಬ್ಬ ವಿಧವೆಯೂ, ಒಬ್ಬ ರೈತನೂ ಮುಖ ತೋರುವುದಿಲ್ಲ. ಹಾಡಿನ ಜೀವವಿರುವುದು ಮನೆಯೊಳಗಿನ ಆ ಗಳಿಗೆಯಲ್ಲಿ. ಹೋವರ್ಡ್ ಎಂಬ ಸುಳ್ಳು ಹೆಸರಿನಿಂದ ಸಂಸಾರ ಹೂಡಿದ ಮನುಷ್ಯ. ಅವನ ಅನ್ನ ಉಂಡು ಅವನ ಮನೆಯಲ್ಲಿ ಮಲಗಿದ ರಾಬರ್ಟ್ ಫೋರ್ಡ್. ಹಿಂದಿನಿಂದ ಬಂದ ಗುಂಡು. ಪಲ್ಲವಿಯಲ್ಲಿ ಪರಾಕ್ರಮದ ಸುದ್ದಿಯಿಲ್ಲ, ಮಡದಿಮಕ್ಕಳ ದುಃಖ ಮತ್ತು ಹೇಡಿಯ ದ್ರೋಹ ಮಾತ್ರ ಇವೆ. ಯೇಸುವಿನ ಹಾಡಿಗೆ ಈ ಧಾಟಿ ಒಗ್ಗಿದ್ದು ಇದಕ್ಕಾಗಿಯೇ: ಅಲ್ಲಿಯೂ ಒಟ್ಟಿಗೆ ಉಂಡವನೇ ಒಪ್ಪಿಸಿಕೊಟ್ಟನಲ್ಲವೇ?

ಕವಿಯು ಇಲ್ಲಿ ಮಾಡಿಕೊಂಡ ಮಾರ್ಪಾಡುಗಳನ್ನು ನೋಡಿರಿ. ನಡೆದದ್ದು ಸೋಮವಾರ ಬೆಳಿಗ್ಗೆ. ಸೆಕೆಯೆಂದು ಅಂಗಿ ತೆಗೆದಿಟ್ಟು, ಪಿಸ್ತೂಲಿನ ಪಟ್ಟಿಯನ್ನೂ ಬಿಚ್ಚಿ, ಗೋಡೆಯ ಪಟದ ಧೂಳು ಒರೆಸಲು ಕುರ್ಚಿ ಹತ್ತಿದಾಗ ಫೋರ್ಡನು ಹೊಡೆದನು. ಲೋಮ್ಯಾಕ್ಸನ ಪಾಠದಲ್ಲಿ ಅದು ಶನಿವಾರದ ರಾತ್ರಿ, ಸಂಸಾರದ ನಡುವೆ ಮಾತಾಡುತ್ತ ಕೂತ ಹೊತ್ತು. ಇದ್ದ ಮಕ್ಕಳು ಇಬ್ಬರು, ಹಾಡಿನಲ್ಲಿ ಮೂವರು. ದುಃಖ ಹೆಚ್ಚಲೆಂದು ಒಂದು ಮಗುವನ್ನು ಕೂಡಿಸಿದ್ದಾನೆ. ಇದನ್ನು ನಾನು ದೋಷವೆನ್ನುವುದಿಲ್ಲ, ಲಾವಣಿಕಾರನಿಗೆ ಈ ಸ್ವಾತಂತ್ರ್ಯವಿದೆ. ಪಟ ಒರೆಸುವ ಸಂಗತಿಯನ್ನು ಕೈಬಿಟ್ಟದ್ದು ಮಾತ್ರ ನಷ್ಟವೇ. ಕಲ್ಪಿಸಿದರೂ ಸಿಗದಂಥ ವಿವರವದು.

ಆದರೆ ಒಂದು ಕಡೆ ನನ್ನ ಮನಸ್ಸು ಮುಂದೆ ಹೋಗಲೊಲ್ಲದು. ಕೊಲೆಯಾದವರಲ್ಲಿ ಒಬ್ಬನ ಹೆಸರು, ಗ್ಯಾಲಟಿನ್ನಿನ ಶೀಟ್ಸನದು, ಈ ಪಾಠದಲ್ಲಿ ಬರುತ್ತದೆ. ಓಟದ ಆಟದಲ್ಲಿ ಎಡವಿ ಬಿದ್ದವನಂತೆ ಅರ್ಧ ನುಡಿಯಲ್ಲಿ ಬಿದ್ದು ಮಾಯವಾಗುತ್ತಾನೆ. ಅದೇ ಕವಿ, ಅದೇ ಮಟ್ಟು, ಅದೇ ಗುಂಡು. ಜೆಸ್ಸಿಗೆ ಬಿದ್ದಾಗ ಊರೆಲ್ಲ ಅಳುತ್ತದೆ, ಶೀಟ್ಸನಿಗೆ ಬಿದ್ದಾಗ ಪ್ರಾಸ ಕೂಡುತ್ತದೆ. ಫೋರ್ಡನು ಹೇಡಿಯೆಂದರೆ, ಬ್ಯಾಂಕಿನ ಮೇಜಿನ ಹಿಂದೆ ಬರಿಗೈಯಲ್ಲಿದ್ದವನನ್ನು ಕೊಂದವನನ್ನು ಏನೆಂದು ಕರೆಯಬೇಕು? ಈ ಪ್ರಶ್ನೆಯನ್ನು ಹಾಡು ಕೇಳಗೊಡುವುದಿಲ್ಲ. ಎಡ್ವರ್ಡ್ಸನ ಗದ್ಯದಲ್ಲಿ ಯಾರ ಪಕ್ಷವೆಂಬುದಾದರೂ ಬಯಲಾಗಿ ಕಾಣುತ್ತಿತ್ತು. ಲಾವಣಿಯಲ್ಲಿ ಯುದ್ಧವೂ ಇಲ್ಲ, ಗುಲಾಮರೂ ಇಲ್ಲ, ಲಾರೆನ್ಸೂ ಇಲ್ಲ. ಪಕ್ಷವನ್ನು ತೊಳೆದುಹಾಕಿದ್ದರಿಂದಲೇ ಅದು ಎಲ್ಲ ಪಕ್ಷದವರ ಬಾಯಲ್ಲಿಯೂ ಉಳಿಯಿತು.

ಹೆನ್ರಿ ಕಿಂಗ್ ನಿರ್ದೇಶಿಸಿದ ೧೯೩೯ರ ಚಲಚ್ಚಿತ್ರದ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಅದರಲ್ಲಿ ರೈಲ್ವೆ ಕಂಪೆನಿಯವರು ತಾಯಿಯನ್ನು ಕೊಂದದ್ದರಿಂದ ಮಗನು ದರೋಡೆಗಿಳಿಯುತ್ತಾನೆ. ನಿಜವಾಗಿ ಆ ತಾಯಿ ಮಗ ಸತ್ತು ಇಪ್ಪತ್ತೆಂಟು ವರ್ಷಗಳ ಮೇಲೆ, ೧೯೧೧ರವರೆಗೆ, ಬದುಕಿದ್ದಳು. ತಂಡವು ರೈಲಿಗೆ ಕೈಹಾಕಿದ್ದೇ ೧೮೭೩ರಲ್ಲಿ. ಅಷ್ಟರಲ್ಲಿ ಬ್ಯಾಂಕುಗಳ ದರೋಡೆ ಸಾಕಷ್ಟು ಆಗಿತ್ತು. ವಿದ್ವಾಂಸರಲ್ಲಿ ಎರಿಕ್ ಹಾಬ್ಸ್‌ಬಾಮನು ೧೯೫೯ರಲ್ಲಿ ಬರೆದ ಗ್ರಂಥದಿಂದ 'ಸಾಮಾಜಿಕ ದರೋಡೆಕಾರ' ಎಂಬ ಮಾತು ಬಳಕೆಗೆ ಬಂದಿತು: ಅರಸನಿಗೆ ಕಳ್ಳ, ರೈತನಿಗೆ ನಾಯಕ. ಕೆಲವರು ಜೆಸ್ಸಿಯನ್ನೂ ಆ ಗುಂಪಿಗೆ ಸೇರಿಸಿದರು. ಟಿ. ಜೆ. ಸ್ಟೈಲ್ಸನು ೨೦೦೨ರಲ್ಲಿ ಪ್ರಕಟಿಸಿದ ಚರಿತ್ರೆಯು ಇದನ್ನೊಪ್ಪದೆ, ಅವನು ಅಂತರ್ಯುದ್ಧವನ್ನು ಯುದ್ಧಾನಂತರವೂ ನಡೆಸಿದ ರಾಜಕೀಯದ ಮನುಷ್ಯನೆಂದು ವಾದಿಸುತ್ತದೆ. ನನಗೆ ಈ ಎರಡನೆಯ ಮತವೇ ಸರಿಯೆಂದು ತೋರುತ್ತದೆ. ಜನ ಅವನನ್ನು ಅಡಗಿಸಿಟ್ಟದ್ದು ಅವನು ಹಣ ಕೊಟ್ಟನೆಂದಲ್ಲ, ತಮ್ಮ ಪಕ್ಷದವನೆಂದು.

ಈ ಲಾವಣಿಯನ್ನು ಕನ್ನಡಕ್ಕೆ ತರಲು ನಾನು ಎರಡು ತಿಂಗಳಿನಿಂದ ಹೆಣಗುತ್ತಿದ್ದೇನೆ. ಮಟ್ಟು ಅಷ್ಟು ಕಷ್ಟವಾಗಲಿಲ್ಲ. ಕಾನೂನಿನ ಆಶ್ರಯದಿಂದ ಹೊರಹಾಕಲ್ಪಟ್ಟವನೆಂಬ ಅರ್ಥದ ಇಂಗ್ಲಿಷ್ ಪದ ಮಾತ್ರ ಕೈಗೆ ಹತ್ತುತ್ತಿಲ್ಲ. ದರೋಡೆಕಾರನೆಂದರೆ ಹಾಡು ಮುನಿಯುತ್ತದೆ. ಬಂಡಾಯಗಾರನೆಂದರೆ ಶೀಟ್ಸನೂ ಹೇವುಡ್ಡನೂ ಮುನಿಯುತ್ತಾರೆ. ತರಗತಿಯಲ್ಲಿ ಎರಡನ್ನೂ ಹಲಗೆಯ ಮೇಲೆ ಬರೆದು ಕೇಳಿದೆ. ಬಹುಮತ ಬಂಡಾಯಗಾರನಿಗೇ ಬಿದ್ದಿತು, ಹಾಡಲು ಚೆನ್ನಾಗಿದೆಯಂತೆ. ಹಿಂದಿನ ಬೆಂಚಿನ ಆ ಹುಡುಗ ಮಾತ್ರ ಕೈಯೆತ್ತಲಿಲ್ಲ. ನನ್ನ ಹಸ್ತಪ್ರತಿಯಲ್ಲಿ ಸದ್ಯಕ್ಕೆ ದರೋಡೆಕಾರ ಎಂದೇ ಇದೆ.