ಹೊಂಡ ಅವರವರದು, ಕಾಲುವೆ ಎಲ್ಲರದು

ತೊಂಬತ್ತರ ದಶಕದ ನಡುವೆ ಬಿಳಿ ಚುಕ್ಕೆ ರೋಗ ಭಾರತದ ಸೀಗಡಿ ಹೊಂಡಗಳಿಗೆ ಇಳಿದಾಗ ರೈತರಿಗೆ ಗೊತ್ತಿದ್ದ ಉಪಾಯ ಒಂದೇ. ಚಿಪ್ಪಿನ ಮೇಲೆ ಚುಕ್ಕೆ ಕಂಡ ಕೂಡಲೇ ಇದ್ದಷ್ಟನ್ನು ಹಿಡಿದು ಮಾರುವುದು, ಹೊಂಡದ ನೀರನ್ನು ಕಾಲುವೆಗೆ ಬಿಟ್ಟುಬಿಡುವುದು. ತಡಮಾಡಿದರೆ ಮೂರರಿಂದ ಹತ್ತು ದಿನದಲ್ಲಿ ಹೊಂಡವೇ ಖಾಲಿ. ಅದೇ ಕಾಲುವೆಗೆ ಪಂಪು ಇಟ್ಟುಕೊಂಡ ಪಕ್ಕದವರು ಆ ನೀರನ್ನೇ ಎತ್ತಿಕೊಳ್ಳುತ್ತಿದ್ದರು. ಈ ವೈರಸ್ಸಿಗೆ ರೈತರ ಕೈಗೆ ಸಿಗುವಂಥ ಔಷಧ ಇಂದಿಗೂ ಇಲ್ಲ. ಹಾಗಿರುವಾಗ ವಿಜ್ಞಾನ ಯಾರ ಜೊತೆ ಕೈಜೋಡಿಸಿತು, ಅದರಿಂದ ಏನಾಯಿತು ಎಂಬುದನ್ನು ತೂಗಿನೋಡಬೇಕು.

ಮೊದಲ ದೊಡ್ಡ ಕೊಡುಗೆ ಬಂದದ್ದು ನಮ್ಮ ಕರಾವಳಿಯಿಂದಲೇ. 1969ರಲ್ಲಿ ಶುರುವಾದ ಮಂಗಳೂರಿನ ಮೀನುಗಾರಿಕಾ ಕಾಲೇಜಿನಲ್ಲಿ ಇಡ್ಯಾ ಕರುಣಾಸಾಗರ್ ಮತ್ತು ಇಂದ್ರಾಣಿ ಕರುಣಾಸಾಗರ್ ಅವರ ತಂಡ ಪಶ್ಚಿಮ ಕರಾವಳಿಯ ಈ ರೋಗವನ್ನು ಅಧ್ಯಯನ ಮಾಡಿ 1997ರಲ್ಲಿ ಪ್ರಕಟಿಸಿತು. ಮುಂದೆ ವೈರಸ್ಸನ್ನು ಪತ್ತೆಹಚ್ಚುವ ಪಿಸಿಆರ್ ಪರೀಕ್ಷೆಯನ್ನೂ ಬೆಳೆಸಿತು. ಹ್ಯಾಚರಿಯಿಂದ ಮರಿ ಕೊಳ್ಳುವ ಮುಂಚೆಯೇ ಪರೀಕ್ಷೆ ಮಾಡಿಸಬಹುದು ಎಂಬುದು ಸಣ್ಣ ಮಾತಲ್ಲ. ಆದರೆ ಈ ಪರೀಕ್ಷೆಯ ಮಿತಿ ಲೆಕ್ಕದಲ್ಲೇ ಇದೆ. ಲಕ್ಷಗಟ್ಟಲೆ ಮರಿಗಳ ತಂಡದಿಂದ 150 ಮರಿ ತೆಗೆದು ನೋಡಿದರೆ, ನೂರಕ್ಕೆ ಎರಡಕ್ಕಿಂತ ಕಡಿಮೆ ಮರಿಗಳಿಗೆ ತಗುಲಿದ ಸೋಂಕು ಕಣ್ತಪ್ಪುವ ಸಾಧ್ಯತೆ ಚೆನ್ನಾಗಿಯೇ ಇರುತ್ತದೆ. ನೂರಕ್ಕೆ ಒಂದು ಎಂದರೂ, ಲಕ್ಷ ಮರಿ ಬಿಟ್ಟ ಹೊಂಡಕ್ಕೆ ಸಾವಿರ ರೋಗಿಷ್ಠ ಮರಿಗಳು ‘ಪಾಸ್’ ಚೀಟಿ ಹಿಡಿದುಕೊಂಡೇ ಇಳಿಯುತ್ತವೆ. ಮಾರಾಟಗಾರರಿಗಂತೂ ಆ ಚೀಟಿ ಸಾಕು.

ನನ್ನ ಮಟ್ಟಿಗೆ ಹೆಚ್ಚು ಅಂಕ ಸಲ್ಲಬೇಕಾದದ್ದು ಆಂಧ್ರದಲ್ಲಿ ನಡೆದ ಕೆಲಸಕ್ಕೆ. ಸಾಗರೋತ್ಪನ್ನ ರಫ್ತು ಅಭಿವೃದ್ಧಿ ಪ್ರಾಧಿಕಾರ, ಅಂದರೆ ಎಂಪೆಡಾ, ಬ್ಯಾಂಕಾಕಿನ ಏಷ್ಯಾ-ಪೆಸಿಫಿಕ್ ಜಲಕೃಷಿ ಜಾಲವಾದ ನಾಕಾ ಜೊತೆ ಸೇರಿ 2000ದ ಹೊತ್ತಿಗೆ ಹೊಂಡಗಳನ್ನೇ ಪ್ರಯೋಗಾಲಯ ಮಾಡಿಕೊಂಡಿತು. ಪಶ್ಚಿಮ ಗೋದಾವರಿ ಮತ್ತು ನೆಲ್ಲೂರು ಜಿಲ್ಲೆಗಳ ಮುನ್ನೂರಕ್ಕೂ ಹೆಚ್ಚು ಹೊಂಡಗಳನ್ನು ಬಿತ್ತನೆಯಿಂದ ಕೊಯ್ಲಿನವರೆಗೆ ಬೆನ್ನುಹತ್ತಿ, ಯಾವ ಹೊಂಡ ಯಾಕೆ ಸೋತಿತು ಎಂದು ದಾಖಲಿಸಿದರು. ಸಿಕ್ಕ ಉತ್ತರಗಳಲ್ಲಿ ಬೆರಗಿನದೇನೂ ಇರಲಿಲ್ಲ: ತಳದ ಕಪ್ಪು ಕೆಸರು ತೆಗೆಯದಿರುವುದು, ನೀರನ್ನು ಸೋಸದೆ ತುಂಬಿಸುವುದು, ಸೋಂಕಿನ ಮರಿ. ಕೆಲಸದ ಹೆಚ್ಚುಗಾರಿಕೆ ಇರುವುದು ಅದರ ಮುಂದಿನ ಹೆಜ್ಜೆಯಲ್ಲಿ. ಮೊಗಲ್ತೂರಿನಂಥ ಹಳ್ಳಿಗಳಲ್ಲಿ ಒಂದೇ ಕಾಲುವೆಯ ರೈತರನ್ನು ಸಂಘವಾಗಿ ಕೂಡಿಸಿದರು. ಎಲ್ಲರೂ ಒಂದೇ ವಾರದಲ್ಲಿ ಮರಿ ಬಿಡಬೇಕು. ಹ್ಯಾಚರಿಯ ಜೊತೆ ಒಟ್ಟಾಗಿ ಕರಾರು ಮಾಡಿಕೊಂಡು ಪರೀಕ್ಷಿಸಿದ ಮರಿಯನ್ನೇ ತರಬೇಕು. ರೋಗ ಬಂದರೆ ಅಕ್ಕಪಕ್ಕದವರಿಗೆ ಹೇಳಬೇಕು, ಹೊಂಡದ ನೀರನ್ನು ಕಾಲುವೆಗೆ ಬಿಡಕೂಡದು. ತನ್ನ ಹೊಂಡಕ್ಕೆ ಚುಕ್ಕೆ ಬಂದಿದೆ ಎಂದು ಬಾಯಿಬಿಡುವುದು ಸಾಲ ಮಾಡಿದ ರೈತನಿಗೆ ಸುಲಭವಲ್ಲ. ಅದನ್ನು ಆಡಿಸಿದ್ದೇ ಆ ಕಾರ್ಯಕ್ರಮದ ಸಾಧನೆ. ಸಣ್ಣ ರೈತರಿಗೆ ಇದನ್ನು ಹಬ್ಬಿಸಲೆಂದು 2007ರಲ್ಲಿ ಎಂಪೆಡಾ ಅಡಿಯಲ್ಲಿ ‘ನಾಕ್ಸಾ’ ಎಂಬ ಸಂಸ್ಥೆಯೂ ಹುಟ್ಟಿತು.

ಆಕ್ಷೇಪವೂ ಇದೆ. ಸಂಘಕ್ಕೆ ಮೊದಲು ಬಂದವರು ಮೊದಲೇ ಜಾಗರೂಕರಾಗಿದ್ದವರಿರಬಹುದು; ಹಾಗಿದ್ದರೆ ಅವರ ಬೆಳೆ ಉಳಿದದ್ದರಲ್ಲಿ ಸಂಘದ ಪಾಲೆಷ್ಟು, ಅವರ ಸ್ವಭಾವದ ಪಾಲೆಷ್ಟು? ಹೊರಗುಳಿದವರ ಹೊಂಡಗಳ ಜೊತೆ ಹೋಲಿಸಿದರೂ ಈ ಗೊಂದಲ ಪೂರ್ತಿ ಬಗೆಹರಿಯುವುದಿಲ್ಲ.

2009ರಲ್ಲಿ ಗಾಳಿ ಬೇರೆ ದಿಕ್ಕಿಗೆ ತಿರುಗಿತು. ಕಪ್ಪು ಹುಲಿ ಸೀಗಡಿಯ ಜಾಗಕ್ಕೆ ಅಮೆರಿಕ ಮೂಲದ ವೆನ್ನಾಮಿ ಬಂತು. ಗೊತ್ತುಮಾಡಿದ ರೋಗಗಳಿಲ್ಲದ ತಾಯಿ ಸೀಗಡಿಗಳನ್ನು ಮಾತ್ರ ತರಿಸಿ, ಚೆನ್ನೈನಲ್ಲಿ ಕ್ವಾರಂಟೈನ್ ಮಾಡಿ ಹ್ಯಾಚರಿಗಳಿಗೆ ಕೊಡುವ ಏರ್ಪಾಡು. ರಫ್ತು ಹೇಗೆ ಏರಿತೆಂಬುದು ಎಲ್ಲರಿಗೂ ಗೊತ್ತು. ಅದರ ಜೊತೆಗೇ ಒಂದು ತಪ್ಪು ನಂಬಿಕೆಯೂ ಬೇರುಬಿಟ್ಟಿತು: ಆರೋಗ್ಯವನ್ನು ಹ್ಯಾಚರಿಯಿಂದ ದುಡ್ಡು ಕೊಟ್ಟು ತರಬಹುದು ಎಂದು. ರೋಗವಿಲ್ಲದ ಸೀಗಡಿ ಬೇರೆ, ರೋಗ ತಡೆಯಬಲ್ಲ ಸೀಗಡಿ ಬೇರೆ. ಕ್ವಾರಂಟೈನಿನ ಬಾಗಿಲು ದಾಟಿದ ಮೇಲೆ ಆ ಹಣೆಪಟ್ಟಿಗೆ ಅರ್ಥವಿಲ್ಲ. ತಾಯಿ ಸೀಗಡಿಗೆ ತಿನ್ನಿಸುವ ಜೀವಂತ ಹುಳುಗಳ ಮೂಲಕವೇ ಸೋಂಕು ಹ್ಯಾಚರಿಗೆ ನುಗ್ಗಬಲ್ಲದು.

ಹಾಗೆ ಹಬ್ಬಿದ್ದರಲ್ಲಿ ಒಂದು ಇಎಚ್‌ಪಿ. 2009ರಲ್ಲಿ ಥಾಯ್ಲೆಂಡಿನ ಸೀಗಡಿಗಳಲ್ಲಿ ಗುರುತಿಸಿ ಹೆಸರಿಟ್ಟ ಈ ಸೂಕ್ಷ್ಮ ಪರಾವಲಂಬಿ ಬಿಳಿ ಚುಕ್ಕೆಯ ಹಾಗೆ ಒಮ್ಮೆಲೇ ಕೊಲ್ಲುವುದಿಲ್ಲ, ಬೆಳೆಯಲು ಬಿಡುವುದಿಲ್ಲ. ಮೇವಿನ ಬಿಲ್ಲು ಏರುತ್ತ ಹೋಗುತ್ತದೆ, ಸೀಗಡಿಯ ತೂಕ ನಿಂತಲ್ಲೇ ನಿಲ್ಲುತ್ತದೆ. ಚೆನ್ನೈನ ಕೇಂದ್ರೀಯ ಚೌಳುನೀರು ಜಲಕೃಷಿ ಸಂಸ್ಥೆಯ ಅಂದಾಜಿನಂತೆ ಇದರಿಂದ ದೇಶಕ್ಕಾಗುವ ನಷ್ಟ ವರ್ಷಕ್ಕೆ ಸುಮಾರು 4,000 ಕೋಟಿ ರೂಪಾಯಿ, ಬಿಳಿ ಚುಕ್ಕೆಯ ನಷ್ಟಕ್ಕಿಂತ ಹೆಚ್ಚು. ನಾಕಾ ಸೂಚಿಸಿದ ದಾರಿ ಹೊಂಡವನ್ನು ಒಣಗಿಸಿ, ಹೆಕ್ಟೇರಿಗೆ ಆರು ಟನ್ ಸುಟ್ಟ ಸುಣ್ಣ ಹಾಕಿ ಉಳುವುದು. ತಳದ ಮಣ್ಣಿನ ಪಿಎಚ್ 12 ಮುಟ್ಟಬೇಕು. ಒಬ್ಬನೇ ಅಷ್ಟು ಸುಣ್ಣ ಸುರಿದು, ಕಾಲುವೆಯ ಮೇಲ್ತುದಿಯವನು ಸುಮ್ಮನಿದ್ದರೆ ಆ ಖರ್ಚು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಸಂಘ ಬೇಕಾದದ್ದು ಈಗ, ಹಿಂದಿಗಿಂತ ಹೆಚ್ಚಾಗಿ. ಹಣ ಹಾಗೂ ಉತ್ಸಾಹ ಮಾತ್ರ ಹೊಸ ತಳಿ, ಹೊಸ ಕಿಟ್‌ಗಳ ಕಡೆಗೇ ಹೆಚ್ಚು ವಾಲುತ್ತಿವೆ ಎಂಬುದು ನನ್ನ ದೂರು.

ಕುಮಟಾದ ಅಘನಾಶಿನಿ ಅಳಿವೆಯ ಗಜನಿಗಳನ್ನು, ಅಂದರೆ ಉಪ್ಪುನೀರಿನ ಗದ್ದೆಗಳನ್ನು, ನೋಡಿದರೆ, ಆಂಧ್ರದಲ್ಲಿ ಕಷ್ಟಪಟ್ಟು ಕಟ್ಟಿದ ಸಂಘ ಇಲ್ಲಿ ನೆಲದಲ್ಲೇ ಇದೆ ಅನಿಸುತ್ತದೆ. ಅನೇಕರ ಜಮೀನಿಗೆ ಒಂದೇ ಕಟ್ಟೆ, ಉಬ್ಬರದ ನೀರಿಗೆ ಅವೇ ಕೆಲವು ತೂಬಿನ ಬಾಗಿಲುಗಳು. ಮಳೆಗಾಲದಲ್ಲಿ ಕಗ್ಗ ಭತ್ತ, ಉಳಿದ ಕಾಲಕ್ಕೆ ಸೀಗಡಿ. ಆದರೆ ಸೀಗಡಿ ಹಿಡಿಯುವ ಹಕ್ಕು ಹರಾಜಿನಲ್ಲಿ ಗುತ್ತಿಗೆದಾರನ ಪಾಲಾಗುವ ಕಡೆ ಕೆಸರಿನ ದಾಖಲೆ ಇಡುವ ಗರಜು ಯಾರಿಗಿದೆ? ಅವನ ಕಣ್ಣು ಈ ಸಲದ ಹಿಡುವಳಿಯ ಮೇಲೆ, ಜಮೀನಿನವರ ಕಣ್ಣು ಕೈಗೆ ಬರುವ ಗುತ್ತಿಗೆ ಹಣದ ಮೇಲೆ. ಇಲ್ಲಿ ಮೀನಿನ ಆರೋಗ್ಯದ ಸಂಶೋಧನೆಗೆ ಇಳಿಯುವವರು ನೀರಿನ ಮಾದರಿ ತೆಗೆಯುವ ಮುಂಚೆ ಆ ಗುತ್ತಿಗೆ ಪತ್ರವನ್ನು ಓದಿಕೊಳ್ಳಬೇಕಾಗುತ್ತದೆ.